ಚೀಲದೊಳಗಿನ ಕೇರೆ

"ಕೇರೆ ಕಚ್ಚಿದ್ರೆ ರೆಪ್ಪೆ ಜೋತು ಬೀಳ್ತವಾ, ಮೇಡಂ?"

ಫೋನಿನಲ್ಲಿ ಹೊಳೆಹೊನ್ನೂರಿನ ಕೆಂಚಪ್ಪ ಅಳುತ್ತಿದ್ದ. ಭದ್ರಾವತಿಗೆ ಕೊಟ್ಟ ಮಗಳು ಕವನಳಿಗೆ ಬೆಳಿಗ್ಗೆ ಸೌದೆ ರಾಶಿಯಲ್ಲಿ ಹಾವು ಕಚ್ಚಿತ್ತು. ಕೊಂದ ಹಾವನ್ನು ಗಂಡನ ಮನೆಯವರು ಚೀಲದಲ್ಲಿ ನರ್ಸಿಂಗ್ ಹೋಮಿಗೆ ತಂದಿದ್ದರು. ಚೀಲದೊಳಗೆ ಒಮ್ಮೆ ಇಣುಕಿದ ಡಾಕ್ಟರು, ಕೇರೆ ಹಾವು, ವಿಷವಿಲ್ಲ ಎಂದು ಅವಳನ್ನು ಸುಮ್ಮನೆ ಮಲಗಿಸಿದ್ದರು.

ಬಸವರಾಜೇಶ್ವರಿ ಅಲ್ಲೇ ಇದ್ದ ಡಾಕ್ಟರಿಗೆ ಫೋನು ಕೊಡಿಸಿದರು. "ಚೀಲ ನೋಡಬೇಡಿ, ರೆಪ್ಪೆ ನೋಡಿ. ವಿಷ ಇಳಿಸೋ ಇಂಜೆಕ್ಷನ್ ಈಗಲೇ ಶುರು ಮಾಡಿ."

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಈಕೆಯ ಬಳಿಗೆ ವಿನೋಬನಗರದವರೆಲ್ಲ ಹಾವಿನ ತಂಟೆ, ಕಳ್ಳತನದ ತಂಟೆ ಎರಡನ್ನೂ ತರುತ್ತಿದ್ದರು. ಸ್ಕೂಟರ್ ಹತ್ತಿಸಿ ಕರೆದೊಯ್ಯುವ ಕೆಲಸ ಪಕ್ಕದ ಮನೆಯ ಪುಟ್ಟಣ್ಣನದು.

ಭದ್ರಾವತಿಯಲ್ಲಿ ಆ ಚೀಲ ಬಿಚ್ಚಿದಾಗ ಪುಟ್ಟಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಥೂ, ಹುಳ ಮಿಜಿಗುಡುತ್ತಿದ್ದವು! ಬಸವರಾಜೇಶ್ವರಿ ಮಾತ್ರ ಕಡ್ಡಿಯಿಂದ ಹಾವಿನ ತಲೆ ತಿರುಗಿಸಿ ನೋಡಿದರು. ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೀಟು. ಕೇರೆಯೇ, ಅನುಮಾನವಿಲ್ಲ.

ಹಾಗಾದರೆ ಕಚ್ಚಿದ ಹಾವನ್ನು ಯಾರೋ ಬದಲಿಸಿದ್ದರು. ಚೀಲ ಮೂವರ ಕೈ ದಾಟಿತ್ತು. ಹಾವು ಹೊಡೆದು ತುಂಬಿದವನು ಗಂಡ ಶಿವಕುಮಾರ್, ಬಾಯಿ ಕಟ್ಟಿದವಳು ಅತ್ತೆ ಚಿನ್ನಮ್ಮ, ಆಟೋದಲ್ಲಿ ಕವನಳ ಜೊತೆ ತಂದವನು ಮೈದುನ ಭೀಮೇಶ್. ಅತ್ತಿಗೆಯೊಡನೆ ಮಾತು ಬಿಟ್ಟಿದ್ದ ಭೀಮೇಶನ ಮೇಲೆಯೇ ಪುಟ್ಟಣ್ಣನ ಕಣ್ಣು. ಶಿವಕುಮಾರ್ ದುಡ್ಡು ಹೊಂದಿಸಿಕೊಂಡು ಹಿಂದಿನಿಂದ ಬಂದನಂತೆ. ಅವನ ತಲೆಗೂದಲು ಇನ್ನೂ ಒದ್ದೆಯಿತ್ತು. ಆಮೇಲೆ ಅವರ ಮನೆಗೆ ಹೋಗಿ ಹುಡುಕಿದಾಗ ಹಿತ್ತಿಲಿನ ಮೂಲೆಯಲ್ಲಿ ಬಿಸಿ ಆರದ ಬೂದಿ, ತುಪ್ಪದ ವಾಸನೆ, ಬೂದಿಯೊಳಗೊಂದು ತಾಮ್ರದ ನಾಣ್ಯ ಸಿಕ್ಕವು.

ಮರುದಿನ ಕವನ ಕಣ್ಣು ಬಿಟ್ಟಳು. ಬಸವರಾಜೇಶ್ವರಿ ಎಲ್ಲರನ್ನೂ ಅವಳ ಮಂಚದ ಸುತ್ತ ಸೇರಿಸಿದರು.

"ಬೆಳಿಗ್ಗೆ ಸತ್ತ ಹಾವಿಗೆ ಅಷ್ಟು ಬೇಗ ಹುಳ ಬೀಳಲ್ಲ. ಅದು ಎರಡು ಮೂರು ದಿನದ ಹಿಂದೆ ಸತ್ತ ಕೇರೆ. ಕಚ್ಚಿದ್ದು ನಾಗರ. ಸತ್ತ ನಾಗರಕ್ಕೆ ಹೆಡೆ ಕಾಣಲ್ಲ, ನೋಡೋಕೆ ಕೇರೆ ಥರಾನೇ ಇರುತ್ತೆ. ಆದ್ರೆ ಹೊಡೆಯುವಾಗ ಹೆಡೆ ಎತ್ತಿರುತ್ತೆ. ಆ ಹೆಡೆ ನೋಡಿದವನು ಹೊಡೆದವನೇ."

ಚಿನ್ನಮ್ಮ ಮೂಗು ಮುಚ್ಚಿಕೊಂಡು ಚೀಲದ ಬಾಯಿ ಕಟ್ಟಿದ್ದಳು, ಅಂದರೆ ಆಗಲೇ ಅದು ನಾರುತ್ತಿತ್ತು; ಭೀಮೇಶ್ ದಾರಿಯಲ್ಲಿ ಕಟ್ಟು ಬಿಚ್ಚಿರಲೇ ಇಲ್ಲ. ನಾಗರವನ್ನು ಕೊಂದವರು ಬಾಯಿಗೆ ನಾಣ್ಯವಿಟ್ಟು ಸುಟ್ಟು, ತಲೆಗೆ ಸ್ನಾನ ಮಾಡುತ್ತಾರೆ. "ಹೆಂಡತಿ ಆಟೋದಲ್ಲಿ ಹೋಗ್ತಿದ್ದಾಗ ತಲೆಗೆ ನೀರು ಹಾಕ್ಕೊಂಡ ಗಂಡ ನೀನೊಬ್ಬನೇ, ಶಿವಕುಮಾರ್."

ಶಿವಕುಮಾರ್ ಗೋಡೆ ನೋಡುತ್ತ ಒಪ್ಪಿಕೊಂಡ. ತಂಗಿ ಮಧುಶ್ರೀಗೆ ಗಂಡು ಗೊತ್ತಾಗಿತ್ತು. ನಾಗರ ಕೊಂದ ಮನೆ ಎಂದು ಗೊತ್ತಾದರೆ ಬೀಗರು ಹಿಂದೆ ಸರಿಯುತ್ತಾರೆಂದು ಹೆದರಿ, ಗೊಬ್ಬರದ ಗುಂಡಿಗೆ ಎಸೆದಿದ್ದ ಕೇರೆಯನ್ನು ಚೀಲಕ್ಕೆ ತುಂಬಿದ್ದ. "ಆಸ್ಪತ್ರೆಗೆ ಕಳಿಸಿದ್ನಲ್ಲ. ಅವ್ರು ಹೇಗೂ ನೋಡ್ಕೋತಾರೆ ಅಂದ್ಕೊಂಡೆ" ಎಂದ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಹುಳ ಬಿದ್ದ ಕೇರೆಯಾದರೂ ವಾಸಿ ಎನ್ನಿಸಿತು ಪುಟ್ಟಣ್ಣನಿಗೆ. ಅವನು ಆ ಮನುಷ್ಯನಿಂದ ದೂರ ಸರಿದು ಕಿಟಕಿಯ ಹತ್ತಿರ ನಿಂತ.

ಕವನ ಒಣಗಿದ ತುಟಿ ಬಿಚ್ಚಿದಳು. "ಸುಡೋ ಮುಂಚೆ ಹಾವಿಗೆ ಹಾಲು ಬಿಟ್ರಾ?"

ಶಿವಕುಮಾರ್ ಹೌದೆಂದು ತಲೆಯಾಡಿಸಿದ.

"ನಾನು ನೀರು ಕೇಳಿದ್ದೆ. ತರ್ತೀನಿ ಅಂತ ಹೋದ್ರಿ, ಬರ್ಲೇ ಇಲ್ಲ" ಎಂದಳು ಅವಳು, ಮತ್ತು ಅಪ್ಪನ ಕಡೆಗೆ ಮಗ್ಗುಲಾದಳು.