ಹವಾಲಾತಿನ ಎರಡು ಕಂಬಳಿ

೧೯೪೮ರ ಡಿಸೆಂಬರ್ ೯, ಗುರುವಾರ. ಬೆಳಗಿನ ಎಂಟು ಗಂಟೆಗೆ ಅಫಜಲಪುರ ಠಾಣೆಯ ಮೆಟ್ಟಿಲು ಹತ್ತಿ ಬಂದ ತಾಲೂಕು ಡಾಕ್ಟರ್ ಅಬ್ದುಲ್ ಗನಿ ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

"ಅಮೀನಸಾಬ್, ಫಿರ್ಯಾದಿ ಬರಕೊಳ್ರಿ. ಹವಾಲಾತಿನ ಕಂಬಳಿ ಸುಟ್ಟಿಲ್ಲ."

ಸಬ್‌ಇನ್‌ಸ್ಪೆಕ್ಟರನ್ನು ಆ ಸೀಮೆಯವರು ಅಮೀನ ಎನ್ನುತ್ತಿದ್ದರು. ಅಮೀನ ಹಣಮಂತರಾಯರು ಬಾಯಿಗಿಟ್ಟ ಚಹಾದ ಬಟ್ಟಲನ್ನು ಹಾಗೇ ಕೆಳಗಿಟ್ಟರು. ನಾಲ್ಕು ದಿನದ ಹಿಂದೆ, ಘತ್ತರಗಿಯಲ್ಲಿ ಯಾತ್ರಿಕರ ಗಂಟು ಕದ್ದು ಹವಾಲಾತು, ಎಂದರೆ ಠಾಣೆಯ ಲಾಕಪ್ಪು, ಸೇರಿದ್ದ ಭೀಮಶಾನಿಗೆ ಮೈತುಂಬ ಸಿಡುಬು ಎದ್ದಿತ್ತು. ಡಾಕ್ಟರು ಅವನನ್ನು ಊರ ಹೊರಗಿನ ಡೇರೆಗೆ ಸಾಗಿಸಿದರು, ಉಳಿದ ಕೈದಿಗಳಿಗೆಲ್ಲ ಚುಚ್ಚುಮದ್ದು ಹಾಕಿದರು, ಕೋಣೆಗೆ ಸುಣ್ಣ ಬಳಿಸಿದರು. ಅವನ ಕೆಳಗಿದ್ದ ಹುಲ್ಲನ್ನೂ ಹಾಸಿ ಹೊದ್ದಿದ್ದ ಎರಡು ಕಂಬಳಿಗಳನ್ನೂ ಸುಡುವ ಕೆಲಸ ಜವಾನ ರೇವಣಪ್ಪನಿಗೆ ಬಿದ್ದಿತ್ತು.

"ಸುಟ್ಟಿಲ್ಲಂತ ಹ್ಯಾಂಗ ಗೊತ್ತಾತ್ರಿ?"

"ಬೂದಿ ಕೆದರಿ ನೋಡೀನಿ. ಉಣ್ಣಿ ಸುಟ್ರ ಕರಿ ಹೆಂಟಿ ಉಳೀತದ. ಅಲ್ಲಿ ಬರೇ ಹುಲ್ಲಿನ ಬೂದಿ ಅದ. ನಾಳಿ ಸಂತಿ, ಮ್ಯಾಲ ಈ ಥಂಡಿ. ಯಾವ ಕೂಸಿಗಿ ಹೊಚ್ಚತಾರೋ ಅಲ್ಲಾಗೇ ಗೊತ್ತು."

ಹಣಮಂತರಾಯರು ಕಾಗದ ಎಳೆದುಕೊಂಡರು. ಅವರ ಹಿರಿಮಗಳು ನಾಲ್ಕು ವರ್ಷದವಳಿದ್ದಾಗ ಇದೇ ಬೇನೆಗೆ ಹೋದವಳು. ಆ ಮಾತು ಅವರು ಯಾರ ಮುಂದೆಯೂ ಆಡುತ್ತಿರಲಿಲ್ಲ.

ಎಂಟೂವರೆಗೆ ಎಫ್‌ಐಆರ್ ಆಯಿತು. ರೇವಣಪ್ಪನನ್ನು ಕರೆಸಿದರು.

"ಕಂಬಳಿ ಏನ್ ಮಾಡ್ದಿ?"

"ಹುಲ್ಲಿಗಿ ಬೆಂಕಿ ಹಚ್ಚಿ, ಕಂಬಳಿ ಬಾಜೂಕ ಇಟ್ಟಿದ್ನಿರಿ. ತಿರುಗಿ ನೋಡೂದ್ರಾಗ ಇರಲಿಲ್ರಿ."

"ಆವಾಗೇ ಯಾಕ ಹೇಳಲಿಲ್ಲ?"

"ಹೆದರಿದ್ನಿರಿ."

ಯಾರೋ ಕದ್ದರೆಂದಾಯಿತು. ಕೈದಿಗಳ ಕಂಬಳಿಯ ಅಂಚಿಗೆ ಕೆಂಪು ದಾರದ ಹೊಲಿಗೆ ಇರುತ್ತಿತ್ತು. ಆ ಗುರುತು ಹಿಡಿದು ಅಮೀನರು ಹುಡುಕಲು ಹೊರಟರು. ಜೊತೆಗೆ ರೇವಣಪ್ಪ.

ಮೊದಲು ಕಂಬಳಿ ವ್ಯಾಪಾರಿ ಧರ್ಮಣ್ಣನ ಅಂಗಡಿ. ಇದ್ದಬದ್ದ ಕಂಬಳಿಯನ್ನೆಲ್ಲ ಬಿಚ್ಚಿ ಝಾಡಿಸಿದರು. ಧರ್ಮಣ್ಣ ದೇವರ ಮೇಲೆ ಆಣೆ ಮಾಡಿ ಮಾಡಿ ಸುಸ್ತಾದ. ಕೆಂಪು ದಾರ ಎಲ್ಲಿಯೂ ಸಿಗಲಿಲ್ಲ. ಆಮೇಲೆ ಧರ್ಮಶಾಲೆ, ಗಾಡಿ ಬಿಡುವ ಬಯಲು. ಮಧ್ಯಾಹ್ನ ಕೂಲಿಕಾರರ ಗುಡಿಸಲುಗಳ ಸಾಲಿಗೆ ಬಂದರು. ನಿಂಬೆವ್ವ ಎಂಬ ಹೆಂಗಸಿನ ಗುಡಿಸಲಲ್ಲಿ ಕೂಸೊಂದು ಕಂಬಳಿಯಲ್ಲಿ ಮೂಗಿನವರೆಗೂ ಮುಚ್ಚಿಕೊಂಡು ಮಲಗಿತ್ತು. ಹಣಮಂತರಾಯರು ಬಗ್ಗಿ ಒಳಗೆ ಹೋದರು. ಅಂಚು ಎತ್ತಿ ನೋಡಿದರು. ದಾರ ಕರಿಯದು.

"ನಮ್ಮಪ್ಪ ಕೊಟ್ಟದ್ರೀ ಅದು," ಎಂದಳು ನಿಂಬೆವ್ವ, ಏನು ತಪ್ಪಾಯಿತೋ ಎಂದು ಗಾಬರಿಯಾಗಿ.

ಅಮೀನರು ಉಸಿರು ಬಿಟ್ಟು ತಿರುಗಿದರೆ ರೇವಣಪ್ಪ ಹೊರಗೆ ನಿಂತು ಆರಾಮವಾಗಿ ಎಲೆ ಅಡಿಕೆ ಮೆಲ್ಲುತ್ತಿದ್ದ. ಇಣುಕಿ ಸಹ ನೋಡಿರಲಿಲ್ಲ. ಹಣಮಂತರಾಯರು ಅವನನ್ನೇ ದಿಟ್ಟಿಸಿದರು.

"ನಿನ್ನ ಮಗಳು ಹಡದಾಳಲ್ಲ?"

"ಹೌದ್ರಿ. ಗಂಡ ಕೂಸು."

"ಊರಾಗ ರೋಗದ ಕಂಬಳಿ ತಿರಗಾಕತ್ತದ. ಯಾರ ಕಡಿಂದನೂ ಕಂಬಳಿ ತಗೋಬ್ಯಾಡ್ರಿ ಅಂತ ಮನಿಗಿ ಹೇಳಿ ಕಳಿಸೀದೇನು?"

"ಇಲ್ರಿ."

"ಯಾಕಿಲ್ಲ?"

ರೇವಣಪ್ಪನ ದವಡೆ ನಿಂತಿತು.

"ಕಂಬಳಿ ಎಲ್ಲಿ ಅವ ಅಂಬೋದು ನಿನಗ ಗೊತ್ತದ. ಅದಕ್ಕೇ ನಿನಗ ಹೆದರಿಕಿ ಇಲ್ಲ."

ಅವನು ಬಾಯಲ್ಲಿದ್ದ ಎಲೆ ಉಗುಳಿದ. ಆಮೇಲೆ ಸಣ್ಣ ದನಿಯಲ್ಲಿ, "ಬೀರಪ್ಪನ ಗುಡಿ ಹಿಂದ ಮಣ್ಣು ಕೊಟ್ಟೀನ್ರಿ," ಎಂದ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು ಅಮೀನರ ಪಾಡು. ಆದರೆ ಸಿಟ್ಟಾಗಲು ಇನ್ನೂ ಹೊತ್ತಿತ್ತು. ಹೇಳಿದ್ದು ನಿಜವೋ ಸುಳ್ಳೋ ಮೊದಲು ನೋಡಬೇಕಿತ್ತು.

ಸಂಜೆ ನಾಲ್ಕಕ್ಕೆ ಇಬ್ಬರು ಪಂಚರನ್ನೂ ಡಾಕ್ಟರನ್ನೂ ಕರೆದುಕೊಂಡು ಬೀರಪ್ಪನ ಗುಡಿಯ ಹಿಂದೆ ಅಗೆಸಿದರು. ಎದೆಮಟ್ಟ ಅಗೆದ ಮೇಲೆ ಸಿಕ್ಕವು. ಎರಡೂ ಕಂಬಳಿ ನೀಟಾಗಿ ಮಡಿಚಿಟ್ಟಂತಿದ್ದವು, ಮೇಲೆ ಅರಿಶಿನದ ಭಂಡಾರ ಚೆಲ್ಲಿತ್ತು. ಗನಿ ಡಾಕ್ಟರು ಕೋಲಿನಿಂದ ಅಂಚು ಎತ್ತಿ, ಎರಡರಲ್ಲೂ ಕೆಂಪು ದಾರ ನೋಡಿದವರು ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದರು.

"ಯಾ ಅಲ್ಲಾ! ನಾಯಿ ನರಿ ಮುಟ್ಟಂಗಿಲ್ಲ. ಸುಣ್ಣ ಸುರದು ಮುಚ್ರಿ. ಇಲ್ಲೇ ಇರಲಿ."

ಹಣಮಂತರಾಯರಿಗೆ ಹೋದ ಜೀವ ಬಂದಂತಾಯಿತು. ಪಂಚನಾಮೆಗೆ ಸಹಿ ಹಾಕುವಾಗ ಕಣ್ಣು ಮಂಜಾಗಿ ಎರಡು ಸಲ ಒರೆಸಿಕೊಂಡರು.

ಡಾಕ್ಟರು ರೇವಣಪ್ಪನ ಮೇಲೆ ಹರಿಹಾಯ್ದರು. "ಬರಿಗೈಲೆ ಹೊತ್ತು ತಂದೀಯಲ್ಲೋ! ಮನ್ಯಾಗ ಹಸಿ ಕೂಸು ಅದ!"

"ಮನಿಗಿ ಹೋಗೇ ಇಲ್ರಿ. ಡೇರೆದ ಬಾಜೂಕೇ ಮಲಗಾಕತ್ತೇನಿ. ನನಗ ಸಣ್ಣಾವಿದ್ದಾಗೇ ಬಂದು ಹೋಗ್ಯದ." ಅವನು ಕುಳಿಬಿದ್ದ ಕೆನ್ನೆ ಸವರಿಕೊಂಡ.

ಕರ್ತವ್ಯಲೋಪ, ಸುಳ್ಳು ಹೇಳಿಕೆ ಎಂದು ಬರೆದು ಆರು ಗಂಟೆಗೆ ಅವನನ್ನು ದಸ್ತಗಿರಿ ಮಾಡಿದರು. ಹೇಳಿಕೆಯಲ್ಲಿ ಅವನು ಇಷ್ಟೇ ಹೇಳಿದ:

"ನನಗ ಬ್ಯಾನಿ ಬಂದಾಗ ನಮ್ಮವ್ವ ಕುರಿ ಹಟ್ಟ್ಯಾಗ ತನ್ನ ಕಂಬಳಿ ಮ್ಯಾಲ ಇಟಗೊಂಡು ಸಾಕಿದಳ್ರಿ. ನಾ ಉಳದೆ. ಆಕಿಗಿ ಹತ್ತಿ ಆಕಿ ಹೋದಳು. ಅದೇ ಕಂಬಳಿ ಸುತ್ತಿ ಮಣ್ಣು ಕೊಟ್ರು. ಈಗ ಕಂಬಳಿಗಿ ಕೊಳ್ಳಿ ಇಡಾಕ ಕೈ ಏಳಲಿಲ್ರಿ."

"ನನ್ನ ಮುಂದ ಹೇಳಬೇಕಿಲ್ಲೇನಲೇ?"

"ಹೇಳಿದ್ರ ಬ್ಯಾರೇದವರ ಕೈಲೆ ಸುಡಸ್ತಿದ್ರಿ."

ಅದು ಸುಳ್ಳಲ್ಲ; ಅಮೀನರು ಹೇಳಿಕೆಗೆ ಅವನ ಹೆಬ್ಬೆಟ್ಟು ಒತ್ತಿಸಿದರು. ಹವಾಲಾತಿನ ಬಾಗಿಲು ಹಾಕಬೇಕು, ಅಷ್ಟರಲ್ಲಿ ಒಳಗಿನಿಂದ ರೇವಣಪ್ಪ ಕೇಳಿದ: "ಸಾಹೇಬ್ರ, ಭೀಮಶಾಗ ಗಂಜಿ ಯಾರು ಒಯ್ತಾರ್ರಿ?"

ಠಾಣೆಯ ಜವಾನರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಡೇರೆಯ ಹತ್ತಿರ ಸುಳಿಯಲು ಯಾರೂ ತಯಾರಿರಲಿಲ್ಲ. ಹಣಮಂತರಾಯರು ಜಾಮೀನಿನ ಕಾಗದ ತರಿಸಿದರು. ಫಿರ್ಯಾದಿ ಕೊಟ್ಟ ಗನಿ ಡಾಕ್ಟರೇ, "ಎಲ್ಲಿ ಸಹಿ ಮಾಡ್ಲಿ ಹೇಳ್ರಿ," ಎಂದು ಕೈ ಚಾಚಿದರು.

ಆರೋಪಿ ಗಂಜಿ ಹಿಡಿದು ಮುಂದೆ, ಅಮೀನರು ದೂರದಿಂದ ಹಿಂದೆ. ಡೇರೆಯೊಳಗಿಂದ ಭೀಮಶಾನ ದನಿ ಕೇಳಿಸಿತು: "ಇವತ್ಯಾಕ ತಡಾ ಮಾಡಿದ್ರಿ ಜವಾನ್ರ?"

"ನಾನೂ ಕೈದಿ ಆಗಿ ಬಂದೀನೋ ತಮ್ಮಾ. ಬಾಯಿ ತಗಿ."

ಹಣಮಂತರಾಯರು ದಾರಿಯಲ್ಲೇ ನಿಂತು, ಎಷ್ಟೋ ದಿನದ ಮೇಲೆ, ಗಟ್ಟಿಯಾಗಿ ನಕ್ಕರು.