ಡಾರ್ಕಸ್ ಮನೆಯಡಿಯ ಮೂರು ಬೆಣೆ

ಮೂರು ಬೆಣೆ ಮಾಯವಾಗಿದ್ದವು.

ಡಾರ್ಕಸ್ ಮನೆಯ ನೆಲದಡಿ ತೆವಳಿಕೊಂಡು ಹೋಗಿ ನಡುತೊಲೆಗೆ ಟಾರ್ಚ್ ಬಿಟ್ಟೆ. ತೊಲೆಗೂ ಇಟ್ಟಿಗೆ ಕಂಬಕ್ಕೂ ನಡುವೆ ಬಿಗಿಯಾಗಿ ಕೂತಿರಬೇಕಾದ ಓಕ್ ಬೆಣೆಗಳಿಲ್ಲ. ಒಂದಲ್ಲ, ಮೂರು ಕಂಬಗಳ ಮೇಲೆ. ನೂರು ವರ್ಷ ಅಲುಗದವು ಒಂದೇ ವಾರದಲ್ಲಿ ತಾವಾಗಿ ಬೀಳುತ್ತವೆಯೇ? ಯಾರೋ ತೆಗೆದಿದ್ದಾರೆ.

ನಾನು ವರ್ನಾ. ನಾರ್ತ್ ಕೆರೊಲಿನಾದ ಈ ಊರಲ್ಲಿ ಇಪ್ಪತ್ತಾರು ವರ್ಷದಿಂದ, ಇಟ್ಟಿಗೆ ಕಂಬಗಳ ಮೇಲೆ ನಿಂತ ಹಳೇ ಮರದ ಮನೆಗಳ ಅಡಿ ತೆವಳಿ ತಪಾಸಣೆ ಮಾಡುವುದೇ ನನ್ನ ಕಸುಬು. ಜೇಡ, ಹಲ್ಲಿ, ಹಾವು ಎಲ್ಲ ನನಗೆ ನೆಂಟರೇ.

ಹೊರಗೆ ಡಾರ್ಕಸ್ ಕೈ ಹಿಸುಕಿಕೊಳ್ಳುತ್ತಿದ್ದಳು. ಅವಳದು ಮನೆಯಲ್ಲೇ ನಡೆಸುವ ಶಿಶುವಿಹಾರ. ಹನ್ನೊಂದು ಪುಟಾಣಿಗಳು.

"ನಾಲ್ಕು ಗಂಟೆಗೆ ಲೈಸೆನ್ಸ್ ಆಫೀಸರ್ ಬರ್ತಾರೆ, ಮಿಸ್ ವರ್ನಾ. ನೆಲ ಅಲ್ಲಾಡಿದ್ರೆ ಬಾಗಿಲು ಹಾಕಿಸ್ತಾರೆ. ನನಗೆ ಬೇರೆ ಕೆಲಸ ಗೊತ್ತಿಲ್ಲ."

"ಯಾವಾಗಿಂದ ಅಲ್ಲಾಡ್ತಿದೆ?"

"ಭಾನುವಾರ ಚರ್ಚಿಂದ ಬಂದಾಗಿಂದ. ನಿನ್ನೆ ಲೈಲ್ ಬಂದು ನೋಡಿದ. ತೊಲೆ ಕೊಳೆತಿದೆ, ಹೊಸದಕ್ಕೆ ಇವತ್ತೇ ಸಹಿ ಹಾಕಿ ಅಂದ. ನಿಮ್ಮನ್ನೂ ಒಂದು ಮಾತು ಕೇಳೋಣ ಅನ್ನಿಸ್ತು."

ತೊಲೆ ಕಬ್ಬಿಣದಂತಿತ್ತು. ಲೈಲ್ ಆರು ವರ್ಷ ನನ್ನ ಹತ್ತಿರವೇ ಕೆಲಸ ಕಲಿತು, ಈಗ ಸ್ವಂತವಾಗಿ ಮನೆ ರಿಪೇರಿ ಮಾಡುವವನು. ಕಣ್ತಪ್ಪಿರಬೇಕು ಅಂದುಕೊಂಡೆ.

* * *

ಪಕ್ಕದ ಮನೆಯ ಹಾರ್ಲನ್ ಟೊಮೆಟೊ ಗಿಡಕ್ಕೆ ನೀರು ಬಿಡುತ್ತಿದ್ದ. ಮಕ್ಕಳ ಗಲಾಟೆ ಅಂತ ಮೂರು ಸಲ ದೂರು ಕೊಟ್ಟ ಮಹಾನುಭಾವ.

"ಡಾರ್ಕಸ್ ಮನೆ ಕೆಳಗೆ ಹೋಗಿದ್ಯೇನಯ್ಯಾ?"

"ಈ ಹೊಟ್ಟೆ ನೋಡಿ ಕೇಳ್ತಿದ್ದೀಯಾ? ನನ್ನ ಶೂ ಲೇಸೇ ನನಗೆ ಎಟುಕಲ್ಲ. ಅಲ್ಲದೆ ಆ ಮಕ್ಕಳು ಹೋದ್ರೆ ನಾನು ಯಾರನ್ನ ಬೈಲಿ?"

ಮನೆಯಡಿಗೆ ನುಗ್ಗುವ ಕಿಂಡಿ ನೆನಪಾಯಿತು. ನಾನೇ ಉಸಿರು ಬಿಗಿಹಿಡಿದು ತೂರಿದ್ದೆ. ಇವನಲ್ಲ.

* * *

ಮತ್ತೆ ಒಳಗೆ ತೆವಳಿದೆ. ಈ ಸಲ ತೊಲೆ ಬಿಟ್ಟು ನೆಲ ನೋಡಿದೆ. ಮಣ್ಣಿನ ತೇವ ಮೇಲೇರದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಮೂರೂ ಕಂಬಗಳ ಪಕ್ಕ ಕತ್ತರಿಸಿ, ಮತ್ತೆ ಟೇಪು ಹಚ್ಚಿದ್ದರು. ಎಂಥ ಅಚ್ಚುಕಟ್ಟು! ಒಂದು ಟೇಪು ಕಿತ್ತು ಕೈಯಲ್ಲಿ ಹಿಡಿದೆ. ಅದರ ತುದಿಯನ್ನು ಒಳಕ್ಕೆ ಮಡಿಸಿದ್ದರು.

ಲೈಲ್‌ಗೆ ಫೋನ್ ಮಾಡಿ ಕರೆಸಿದೆ. ಎರಡು ಗಂಟೆಗೆ ಬಂದ.

"ಬೆಣೆ ಯಾರು ತೆಗೆದಿರ್ಬಹುದೋ?"

"ರಕೂನೋ ಯಾವುದೋ ಪ್ರಾಣಿ ಇರ್ಬೇಕು, ಮಿಸ್ ವರ್ನಾ."

"ತೊಲೆ ಎತ್ತದೆ ಬೆಣೆ ಬರಲ್ಲ. ಎತ್ತೋಕೆ ಜಾಕ್ ಬೇಕು. ಹಾಳೆ ಮೇಲೆ ಜಾಕ್ ಜಾರತ್ತೆ ಅಂತ ಅದನ್ನ ಕತ್ತರಿಸಿದ್ದಾರೆ. ರಕೂನ್ ಜಾಕ್ ತರತ್ತಾ?"

ಕಿತ್ತ ಟೇಪನ್ನು ಅವನ ಮುಂದೆ ಹಿಡಿದೆ.

"ಬೇರೆ ಯಾರಾದ್ರೂ ಆಗಿದ್ರೆ ಹಾಳೆ ಹರಿದು ಹಾಗೇ ಓಡಿಹೋಗ್ತಿದ್ರು. ಇವನು ಕೂತು ಟೇಪು ಹಚ್ಚಿದ್ದಾನೆ. ಮುಂದೆ ಬರೋರಿಗೆ ಕೀಳೋಕೆ ಸುಲಭ ಆಗ್ಲಿ ಅಂತ ತುದಿ ಬೇರೆ ಮಡಿಸಿದ್ದಾನೆ. ಈ ಊರಲ್ಲಿ ಹಾಗೆ ಮಡಿಸೋರು ಇಬ್ಬರೇ. ನಾನು, ಮತ್ತೆ ನಾನು ಕಲಿಸಿದವನು."

ಲೈಲ್ ತಲೆ ತಗ್ಗಿಸಿದ. "ಕೆಲಸವೇ ಸಿಕ್ತಿರ್ಲಿಲ್ಲ. ದೊಡ್ಡ ರಿಪೇರಿ ಒಂದು ಸಿಗ್ಲಿ ಅಂತ... ಆದ್ರೆ ಹಾಳೇನ ಹರಿದ ಹಾಗೇ ಬಿಟ್ಟು ಬರೋಕೆ ಕೈ ಕೇಳ್ಲಿಲ್ಲ."

"ತೇವ ಏರತ್ತೆ ಅಂತ ಹೆದರಿದ್ಯಲ್ಲ. ಮೇಲಿರೋ ಮಕ್ಕಳಿಗೆ ಏನಾಗತ್ತೋ ಅಂತ ಹೆದರ್ಲಿಲ್ವಲ್ಲೋ." ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ಬೆಣೆಗಳು ಅವನ ಟ್ರಕ್ಕಿನಲ್ಲೇ ಇದ್ದವು. ಅವನನ್ನೇ ಕೆಳಗೆ ತೂರಿಸಿದೆ, ಹಿಂದೆ ನಾನೂ ಹೋದೆ. ಮೂರೂ ಬಿಗಿಯಾಗಿ ಕೂರುವ ಹೊತ್ತಿಗೆ ಎಲ್ಲ ಕೇಳಿಸಿಕೊಂಡಿದ್ದ ಡಾರ್ಕಸ್ ಕರೆಸಿದ್ದ ಶೆರಿಫ್ ಕಚೇರಿಯ ಪೊಲೀಸಿನವನು ಕಿಂಡಿಯ ಬಳಿ ಕಾಯುತ್ತಿದ್ದ. ಲೈಲ್ ಮಾತಾಡದೆ ಅವನ ಕಾರು ಹತ್ತಿದ.

* * *

ನಾಲ್ಕಕ್ಕೆ ಆಫೀಸರಮ್ಮ ಬಂದರು. ಕೋಣೆಯ ನಡುವೆ ನಿಂತು ಧೊಪ್ಪನೆ ಒಮ್ಮೆ ಕಾಲು ಅಪ್ಪಳಿಸಿದರು.

ಮಕ್ಕಳಿಗೆ ಅಷ್ಟೇ ಸಾಕಾಯಿತು. ಹನ್ನೊಂದೂ ಅವರ ಸುತ್ತ ಸೇರಿ ಧಡಧಡ ಕುಣಿಯತೊಡಗಿದವು. ಮೇಜಿನ ಮೇಲಿನ ಹಾಲಿನ ಲೋಟ ಮಿಸುಕಲಿಲ್ಲ. ಆಫೀಸರಮ್ಮ ನಗುತ್ತಾ ಸಹಿ ಹಾಕಿದರು.

"ಸಾಕು, ಇನ್ನು ನಿಲ್ಲಿಸಿ ಅಂತ ಹೇಳಿ," ಎಂದರು.

"ಇವತ್ತೊಂದು ದಿನ ಆಗಲ್ಲ, ಮೇಡಂ," ಎಂದು ಡಾರ್ಕಸ್ ಕಣ್ಣೊರೆಸಿಕೊಂಡು ತಾನೂ ಮಕ್ಕಳ ನಡುವೆ ಸೇರಿಕೊಂಡಳು.