ಚಾನೆಲ್ ಸಿಕ್ಸ್‌ಟೀನ್‌ನಲ್ಲಿ ಮೊಂಡಿ

“ಅಮ್ಮಾ, ಮುಳುಗ್ತೀವಿ, ಮನೆಗೆ ಹೋಗೋಣ… ಓವರ್!”

ಸ್ಕೂಲಿನ ನಲ್ಲಿಯ ಹತ್ತಿರ ನಿಂತಿದ್ದ ಹುಡುಗರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ಕೂಗಿದವನು ಕ್ಯಾಪ್ಟನ್. ನಿಜವಾದ ಕ್ಯಾಪ್ಟನ್ ಏನಲ್ಲ, ಐದನೇ ಕ್ಲಾಸಿನ ಹುಡುಗ. ಅವನಪ್ಪ ಹಾಯಿದೋಣಿ ಕ್ಲಬ್ಬಿನ ಸೆಕ್ರೆಟರಿ. ಅಪ್ಪನ ಬಿಳಿ ಟೋಪಿ ಹಾಕಿಕೊಂಡು ಓಡಾಡುತ್ತಾನಲ್ಲ, ಅಷ್ಟಕ್ಕೇ ಆ ಹೆಸರು.

ಮೊಂಡಿ ಬಾಟಲಿಗೆ ನೀರು ಹಿಡಿಯುತ್ತಿದ್ದಳು. ಬಾಟಲಿ ತುಂಬಿ ಬೂಟಿನ ಮೇಲೆಲ್ಲ ನೀರು ಹರಿಯಿತು. ಆದರೂ ಅವಳು ಅಲುಗಲಿಲ್ಲ. ಅಲುಗಿದರೆ ‘ಓಡಿಹೋದಳು’ ಅನ್ನುತ್ತಾರೆ. ಮನೆಯಲ್ಲಿ ಅವಳಿಗೆ ಮೊಂಡಿ ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

“ಇನ್ನೊಂದ್ಸಲ ಹೇಳೋ,” ಅಂದಳು. “ಸರಿಯಾಗಿ ಬರ್ಲಿಲ್ಲ. ನಾನು ಇನ್ನೂ ಜೋರಾಗಿ ಅತ್ತಿದ್ದೆ.”

ಕ್ಯಾಪ್ಟನ್ ಟೋಪಿ ಸರಿಮಾಡಿಕೊಂಡ. ಮೊಂಡಿ ಬಾಟಲಿಯ ಮುಚ್ಚಳ ತಿರುಗಿಸಿ ನಿಧಾನವಾಗಿ ಕ್ಲಾಸಿಗೆ ನಡೆದಳು. ಒಳಗೆ ಮಾತ್ರ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಆದದ್ದು ಇಷ್ಟು. ಮೊಂಡಿಯ ಅಜ್ಜಿಗೆ ಒಂದು ಹಳೆಯ ಹಾಯಿದೋಣಿ ಇದೆ. ಅದರ ಹೆಸರು ಮಿಂಚುಳ್ಳಿ. ಒಳಗಿನ ಕೋಣೆ ಎಷ್ಟು ಚಿಕ್ಕದು ಅಂದರೆ ಅಜ್ಜಿ ಕೈ ಚಾಚಿ ಆಕಳಿಸಿದರೆ ಅಮ್ಮ ತಲೆ ತಗ್ಗಿಸಬೇಕು. ಆ ಕೋಣೆಯ ಗೋಡೆಗೆ ಒಂದು ರೇಡಿಯೋ ಇದೆ. ಹಾಡು ಕೇಳುವ ರೇಡಿಯೋ ಅಲ್ಲ, ಮಾತಾಡುವ ರೇಡಿಯೋ. ಸುರುಳಿ ವೈರಿಗೆ ಒಂದು ಮೈಕ್, ಮೈಕಿಗೆ ಒಂದು ಬಟನ್. ಬಟನ್ ಒತ್ತಿದರೆ ನಾವು ಮಾತಾಡಬಹುದು, ಬಿಟ್ಟರೆ ಬೇರೆಯವರದ್ದು ಕೇಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ‘ನನ್ನದಾಯ್ತು, ಇನ್ನು ನೀವು ಹೇಳಿ’ ಅನ್ನುವುದಕ್ಕೆ ‘ಓವರ್’, ಮಾತೇ ಮುಗಿದರೆ ‘ಔಟ್’.

ಅದರಲ್ಲಿ ಚಾನೆಲ್ ಸಿಕ್ಸ್‌ಟೀನ್ ಅಂದರೆ ಎಲ್ಲರ ಮನೆಬಾಗಿಲು ಇದ್ದ ಹಾಗೆ. ನೀರಿನ ಮೇಲಿರುವ ಬೋಟುಗಳೆಲ್ಲ ಅದಕ್ಕೇ ಕಿವಿ ಕೊಟ್ಟಿರುತ್ತವೆ. ಅಪಾಯ ಬಂದರೆ ಅಲ್ಲೇ ಕೂಗಬೇಕು. ಬೇರೆ ಮಾತಿದ್ದರೆ ಅಲ್ಲಿ ಹೆಸರು ಹಿಡಿದು ಕರೆದು, ಇನ್ನೊಂದು ಚಾನೆಲ್‌ಗೆ ಹೋಗಿ ಮಾತಾಡಬೇಕು. ಬಾಗಿಲಲ್ಲೇ ನಿಂತು ಹರಟೆ ಹೊಡೆಯುವಂತಿಲ್ಲ. ಒಬ್ಬರು ಬಟನ್ ಒತ್ತಿಕೊಂಡೇ ಇದ್ದರೆ ಉಳಿದವರ ಮಾತು ಹೋಗುವುದಿಲ್ಲ.

ಹೋದ ಭಾನುವಾರ ಹೊರಡುವಾಗ ಮೊಂಡಿಯೇ ಸಿಕ್ಸ್‌ಟೀನ್‌ನಲ್ಲಿ ಬಂದರಿನ ಕಚೇರಿ ಹಾರ್ಬರ್ ಕಂಟ್ರೋಲನ್ನು ಕರೆದು, ಮಾತು ಕೇಳಿಸುತ್ತಾ ಅಂತ ರೇಡಿಯೋ ಚೆಕ್ ಮಾಡಿದ್ದಳು. ಮುಗಿದ ಮೇಲೆ ಮೈಕನ್ನು ಕೊಕ್ಕೆಗೆ ಹಾಕಬೇಕಿತ್ತು. ಹಾಕಲಿಲ್ಲ, ಬೆಂಚಿನ ಮೇಲೆ ಎಸೆದಳು. ದೋಣಿ ವಾಲಿತು, ಹಾಯಿಯ ಚೀಲ ಉರುಳಿ ಮೈಕಿನ ಮೇಲೆ ಕೂತಿತು. ಬಟನ್ ಒತ್ತಿಕೊಂಡೇ ಉಳಿಯಿತು.

ಆಮೇಲೆ ಗಾಳಿ ಜೋರಾಯಿತು. ಲೋಟ, ತಟ್ಟೆ, ಅಜ್ಜಿಯ ಕನ್ನಡಕ ಎಲ್ಲ ಒಂದು ಮೂಲೆಗೆ ಜಾರಿದವು. ಯಾವುದಕ್ಕೂ ಹೆದರದವಳು ಅಂತ ಸ್ಕೂಲಿಡೀ ಡಂಗುರ ಹೊಡೆದುಕೊಂಡಿದ್ದ ಮೊಂಡಿ ಅಮ್ಮನ ಕಾಲು ಗಟ್ಟಿಯಾಗಿ ಹಿಡಿದು ‘ಮುಳುಗ್ತೀವಿ’ ಅಂತ ಅತ್ತಳು. ಅವಳ ಒಂದೊಂದು ಬಿಕ್ಕಳಿಕೆಯೂ ಬಂದರಿಗೆಲ್ಲ ಕೇಳಿಸಿತು. ಹಾರ್ಬರ್ ಕಂಟ್ರೋಲಿನ ಬೋಟು ಪಕ್ಕಕ್ಕೆ ಬಂದು “ನಿಮ್ಮ ಮೈಕ್ ನೋಡ್ಕೊಳ್ಳಿ” ಅಂತ ಕೂಗುವವರೆಗೂ ಇವರಿಗೆ ಗೊತ್ತೇ ಆಗಲಿಲ್ಲ.

ಶನಿವಾರ ಸಂಜೆ ಕ್ಲಬ್ಬಿನಲ್ಲಿ ಮೀಟಿಂಗ್. ಮರುದಿನ ಎಲ್ಲ ದೋಣಿಗಳೂ ಲೈಟ್‌ಹೌಸ್ ಸುತ್ತಿ ಬರಬೇಕಿತ್ತು. ಲೈಟ್‌ಹೌಸ್ ದಾಟಿದ ಕೂಡಲೇ ಪ್ರತಿಯೊಂದು ದೋಣಿಯೂ ಹಾರ್ಬರ್ ಕಂಟ್ರೋಲಿಗೆ ಸುದ್ದಿ ಕೊಡಬೇಕು; ಚುಟುಕು ಸುದ್ದಿಯಾದ್ದರಿಂದ ಅದನ್ನು ಸಿಕ್ಸ್‌ಟೀನ್‌ನಲ್ಲೇ ಹೇಳಬಹುದು. ಮಿಂಚುಳ್ಳಿಯಿಂದ ಸುದ್ದಿ ಕೊಡುವವಳು ಮೊಂಡಿ ಅಂತ ತಿಂಗಳ ಹಿಂದೆಯೇ ಅಜ್ಜಿ ಮಾತು ಕೊಟ್ಟಿದ್ದಳು.

ಸೆಕ್ರೆಟರಿ ಅಂಕಲ್ ಎದ್ದು ನಿಂತರು. “ನಾಳೆ ಎಲ್ಲರೂ ಫೋನಿನ ಗ್ರೂಪಲ್ಲೇ ಮೆಸೇಜ್ ಹಾಕಿ. ರೇಡಿಯೋದಲ್ಲಿ ಕೂಗೋ ಕಾಲ ಹೋಯ್ತು. ಮತ್ತೆ, ಮಕ್ಕಳ ಕೈಗೆ ಮೈಕ್ ಕೊಡೋದು ಬೇಡ. ಹೋದ ವಾರ ಒಂದು ಬೋಟಿನ ಎಂಜಿನ್ ಕೆಟ್ಟು ಬಂಡೆ ಕಡೆ ತೇಲ್ತಾ ಇತ್ತು. ಕರೆಯೋಣ ಅಂದ್ರೆ ಚಾನೆಲ್ ತುಂಬ ಒಬ್ಬಳ ಅಳು. ಪುಣ್ಯಕ್ಕೆ ಅವರ ಫೋನಿಗೆ ಸಿಗ್ನಲ್ ಸಿಕ್ತು.”

ಎಲ್ಲರೂ ಮೊಂಡಿಯ ಕಡೆ ತಿರುಗಿ ನೋಡಿದರು. ಹಿಂದಿನ ಬೆಂಚಿನಿಂದ ಕ್ಯಾಪ್ಟನ್ ಕಿಸಕ್ಕೆಂದ.

ಎಂಜಿನ್ ಕೆಟ್ಟ ಬೋಟಿನ ವಿಷಯ ಮೊಂಡಿಗೆ ಗೊತ್ತಿರಲಿಲ್ಲ. ಅವಳು ಎದ್ದು ನಿಂತಳು.

“ಮೈಕ್ ಕೊಕ್ಕೆಗೆ ಹಾಕದೇ ಇದ್ದದ್ದು ನನ್ನ ತಪ್ಪು,” ಅಂದಳು. “ಅದಕ್ಕೆ ಆ ಬೋಟಿನವರ ಹತ್ರ ಸಾರಿ ಕೇಳ್ತೀನಿ. ಅತ್ತಿದ್ದಕ್ಕೆ ಕೇಳಲ್ಲ. ನಾಳೆ ನಾನೇ ಮಾತಾಡ್ತೀನಿ.”

“ಏನಮ್ಮ ಇದು ಹಠ? ನಿನಗೆ ರೇಡಿಯೋ ಲೈಸೆನ್ಸ್ ಇದೆಯಾ?” ಅಂದರು ಅಂಕಲ್.

“ನನಗಿದೆ,” ಅಂದಳು ಅಜ್ಜಿ, ಕೂತಲ್ಲಿಂದಲೇ. “ನಾನು ಪಕ್ಕದಲ್ಲಿದ್ರೆ ಅವಳು ಮಾತಾಡಬಹುದು. ಮತ್ತೆ ಇನ್ನೊಂದು ಮಾತು. ಫೋನು ನೀವು ಯಾರಿಗೆ ಮಾಡ್ತೀರೋ ಅವರಿಗೆ ಮಾತ್ರ ಕೇಳುತ್ತೆ. ರೇಡಿಯೋ ಹತ್ತಿರ ಇರೋರಿಗೆಲ್ಲ ಕೇಳುತ್ತೆ.”

“ಅದೇ ತಾನೇ ತೊಂದರೆ,” ಅಂತ ಮೊಂಡಿ ಗೊಣಗಿದಳು. ಎಂಜಿನ್ ಕೆಟ್ಟ ಬೋಟಿನವರು ಮುಂದಿನ ಸಾಲಿನಲ್ಲೇ ಇದ್ದರು. ಅವಳು ಹೋಗಿ ಸಾರಿ ಕೇಳಿದಾಗ “ಆಯ್ತು ಬಿಡು ಮಗಳೇ” ಅಂದರು. ಆದರೆ ಅವರು ನಗಲಿಲ್ಲ. ಅದು ಅವಳಿಗೆ ಚುಚ್ಚಿತು.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿ ತಾನಾಗಿಯೇ ಶುರು ಮಾಡಿದಳು. “ನಮ್ಮ ಕಾಲದಲ್ಲಿ ಜೇಬಲ್ಲಿ ಫೋನ್ ಎಲ್ಲಿತ್ತು? ರೇಡಿಯೋ ಅಂದ್ರೆ ಅಕ್ಕಿ ಡಬ್ಬದಷ್ಟು ದೊಡ್ಡದು. ದೋಣಿಯಲ್ಲಿರೋರ ಹತ್ರ ಮಾತಾಡಬೇಕು ಅಂದ್ರೆ ದಡದಲ್ಲಿ ಒಬ್ಬ ಆಪರೇಟರ್ ಇರ್ತಿದ್ದ. ನಾನು ಮನೆಯಿಂದ ಅವನಿಗೆ ಫೋನ್ ಮಾಡಬೇಕು, ಅವನು ರೇಡಿಯೋಗೆ ಜೋಡಿಸ್ತಿದ್ದ. ನಾನು ಹೇಳಿದ್ದು ಎಲ್ಲ ಬೋಟಿಗೂ ಕೇಳಿಸೋದು.”

“ಎಲ್ಲಾನೂ?”

“ಒಂದಕ್ಷರ ಬಿಡದೆ. ನಿಮ್ಮಮ್ಮ ನನ್ನ ಹೊಟ್ಟೇಲಿದಾಳೆ ಅಂತ ಡಾಕ್ಟರು ಹೇಳಿದ ದಿನ ನಿಮ್ಮಜ್ಜ ನೀರ ಮೇಲಿದ್ರು. ನನಗೋ ತಡೆಯೋಕಾಗ್ಲಿಲ್ಲ, ಹೇಳಿಬಿಟ್ಟೆ. ನಿಮ್ಮಜ್ಜ ಏನಂದ್ರು ಗೊತ್ತಾ? ‘ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು, ಓವರ್.’”

ಅಮ್ಮ ನಕ್ಕಳು. ಈ ಕತೆ ಅವಳಿಗೆ ಬಾಯಿಪಾಠ.

“ನೀನೇನು ಮಾಡ್ದೆ?”

“ಇನ್ನೂ ಜೋರಾಗಿ ಹೇಳ್ದೆ. ಅವರು ಬಂದರಿಗೆ ಬರೋ ಹೊತ್ತಿಗೆ ಎಲ್ಲ ಬೋಟಿನವರೂ ಹಾರ್ನ್ ಬಾರಿಸ್ತಾ ಇದ್ರಂತೆ. ಒಂದು ವಾರ ನಾನು ತಲೆ ಎತ್ತಿ ಮಾರ್ಕೆಟ್ಟಿಗೆ ಹೋಗಲಿಲ್ಲ ನೋಡು.”

“ಆಮೇಲೆ?”

“ಆಮೇಲೆ ತರಕಾರಿ ಮುಗೀತು. ಹೋದೆ.”

ಭಾನುವಾರ ಬೆಳಿಗ್ಗೆ ಗಾಳಿ ಚೆನ್ನಾಗಿಯೇ ಇತ್ತು. ಲೈಟ್‌ಹೌಸ್ ಹತ್ತಿರವಾದಂತೆ ಅಲೆಗಳು ಎರಡು ಕಡೆಯಿಂದಲೂ ಬಂದು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಮೇಲೆ ಅಮ್ಮ ಚುಕ್ಕಾಣಿ ಹಿಡಿದಿದ್ದಳು. ಕೆಳಗೆ ಮೊಂಡಿ ರೇಡಿಯೋ ಮುಂದೆ, ಪಕ್ಕದಲ್ಲಿ ಅಜ್ಜಿ. ಮಿಂಚುಳ್ಳಿ ಒಂದು ಪಕ್ಕಕ್ಕೆ ವಾಲಿ ಎದ್ದಾಗಲೆಲ್ಲ ಮೊಂಡಿ ಬೆಂಚಿನ ಅಂಚು ಹಿಡಿದುಕೊಳ್ಳುತ್ತಿದ್ದಳು.

“ದಾಟಿದ್ವಿ,” ಅಂತ ಅಮ್ಮ ಮೇಲಿಂದ ಕೂಗಿದಳು.

ಮೊಂಡಿ ಮೈಕ್ ತೆಗೆದುಕೊಂಡಳು. ದನಿ ನಡುಗುತ್ತದೆ ಅಂತ ಗೊತ್ತಿತ್ತು. ನಡುಗಲಿ, ಅಂದುಕೊಂಡಳು. ಬಟನ್ ಒತ್ತಿದಳು.

“ಹಾರ್ಬರ್ ಕಂಟ್ರೋಲ್, ಹಾರ್ಬರ್ ಕಂಟ್ರೋಲ್, ಇದು ಮಿಂಚುಳ್ಳಿ, ಓವರ್.”

ಉತ್ತರ ಬರುವ ಮೊದಲೇ ರೇಡಿಯೋ ಗೊರಗೊರ ಅಂದಿತು. “ಅಮ್ಮಾ, ಮುಳುಗ್ತೀವಿ…” ಯಾರದೋ ಕಿಸಿಕಿಸಿ ನಗು. ಯಾರದು ಅಂತ ಕೇಳುವುದೇ ಬೇಡ.

“ಸಿಕ್ಸ್‌ಟೀನ್‌ನಲ್ಲಿ ತಮಾಷೆ ಬೇಡ,” ಅಂತ ಹಾರ್ಬರ್ ಕಂಟ್ರೋಲಿನ ಹೆಂಗಸಿನ ದನಿ ಗದರಿತು. “ಮಿಂಚುಳ್ಳಿ, ಹೇಳಿ. ಓವರ್.”

ಅಜ್ಜಿ ಮೈಕಿಗಾಗಿ ಕೈ ಚಾಚಿದಳು. ಮೊಂಡಿ ಕೊಡಲಿಲ್ಲ.

“ಹೋದ ವಾರ ಅತ್ತಿದ್ದು ನಾನೇ,” ಅಂದಳು. ದನಿ ನಡುಗಿತು, ಆದರೂ ನಿಲ್ಲಲಿಲ್ಲ. “ತುಂಬಾ ಹೆದರಿದ್ದೆ. ಈಗಲೂ ಹೆದರಿಕೆ ಆಗ್ತಿದೆ. ಮಿಂಚುಳ್ಳಿ ಲೈಟ್‌ಹೌಸ್ ದಾಟಿದೆ. ಮೂರು ಜನ ಇದ್ದೀವಿ, ಎಲ್ಲರೂ ಕ್ಷೇಮ. ಓವರ್.”



“ಮಿಂಚುಳ್ಳಿ, ನಿಮ್ಮ ಮಾತು ಸ್ಪಷ್ಟವಾಗಿ ಕೇಳಿಸ್ತು,” ಅಂದಿತು ಆ ದನಿ. “ಔಟ್.”

ಅಜ್ಜಿ ಒಂದು ಬಿಸ್ಕತ್ತು ಮುರಿದು ಅರ್ಧ ಮೊಂಡಿಯ ಬಾಯಿಗೆ ತುರುಕಿದಳು.

ಲೈಟ್‌ಹೌಸ್ ಹಿಂದೆ ಬಿದ್ದು, ಅಲೆ ಇಳಿದಿತ್ತು. ಆಗ ಮತ್ತೆ ರೇಡಿಯೋ ಸದ್ದಾಯಿತು. ಯಾರೋ ಬಟನ್ ಒತ್ತಿದ್ದರು, ಮಾತು ಇಲ್ಲ. ಗಾಳಿಯ ಸದ್ದು, ಹಾಯಿ ಪಟಪಟ ಹೊಡೆದುಕೊಳ್ಳುವ ಸದ್ದು, ಯಾರೋ ಜೋರಾಗಿ ಉಸಿರಾಡುವ ಸದ್ದು. ಬಟನ್ ಬಿಟ್ಟರು. ಮತ್ತೆ ಒತ್ತಿದರು.

“ಮಿಂಚುಳ್ಳಿ,” ಅಂದಿತು ಒಂದು ಸಣ್ಣ ದನಿ. ಕ್ಯಾಪ್ಟನ್. “ಮಿಂಚುಳ್ಳಿ… ನೀವು ದಾಟಿದ್ರಲ್ಲ. ಅಲ್ಲಿ… ಇನ್ನೂ ಜಾಸ್ತಿ ವಾಲುತ್ತಾ? ಅಪ್ಪ ಮೇಲಿದಾರೆ. ಫೋನ್‌ಗೆ ಸಿಗ್ನಲ್ ಇಲ್ಲ. ಓವರ್.”

ಮೊಂಡಿಯ ನಾಲಿಗೆಯ ತುದಿಗೇ ಬಂದುಬಿಟ್ಟಿತ್ತು, ‘ಅಮ್ಮಾ, ಮುಳುಗ್ತೀವಿ’ ಅನ್ನುವ ಅದೇ ಮಾತು. ಬಂದರಿಗೆಲ್ಲ ಕೇಳಿಸುವ ಹಾಗೆ ಒಂದೇ ಒಂದು ಸಲ ಅಂದುಬಿಟ್ಟರೆ ಸಾಕು, ಬಡ್ಡಿ ಸಮೇತ ತೀರಿಸಿದ ಹಾಗೆ. ನಾಳೆಯಿಂದ ನಲ್ಲಿಯ ಹತ್ತಿರ ನಗುವವರು ಬೇರೆ, ಅಳುವವರು ಬೇರೆ. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು.

ಬಟನ್ ಒತ್ತಿ ಮಾತೇ ಬಾರದೆ ಅವನು ಉಸಿರಾಡಿದ್ದನಲ್ಲ, ಆ ಉಸಿರು ಮೊಂಡಿಯ ಕಿವಿಯಲ್ಲಿ ಇನ್ನೂ ಇತ್ತು. ಹೋದ ವಾರ ಅವಳೂ ಹಾಗೆಯೇ ಉಸಿರಾಡಿದ್ದಳು.

“ಮಿಂಚುಳ್ಳಿ ಮಾತಾಡ್ತಿರೋದು,” ಅಂದಳು. “ಇಲ್ಲಿ ಬೇಡ. ಚಾನೆಲ್ ಸೆವೆಂಟಿ ಟೂಗೆ ಬಾ. ಓವರ್.”

ಚಾನೆಲ್ ತಿರುಗಿಸಿದಳು. ಆ ಕಡೆಯಿಂದ ಅವನೂ ಬಂದ.

“ವಾಲುತ್ತೆ,” ಅಂದಳು ಮೊಂಡಿ. “ಲೈಟ್‌ಹೌಸ್ ಪಕ್ಕ ತುಂಬಾನೇ ವಾಲುತ್ತೆ. ಆಮೇಲೆ ತಾನಾಗೇ ಎದ್ದು ನಿಲ್ಲುತ್ತೆ. ಏನಾದ್ರೂ ಗಟ್ಟಿಯಾಗಿ ಹಿಡ್ಕೋ. ಅಳು ಬಂದ್ರೆ ಅಳು. ನಾನು ಇಲ್ಲೇ ಕೇಳ್ತಾ ಇರ್ತೀನಿ.”

ಕೇಳುತ್ತಾ ಇರಬೇಕಾದರೆ ಬಟನ್ ಬಿಡಬೇಕು. ಅವಳು ಬೆರಳು ಎತ್ತಿದಳು.